ಕಣಿವೆಯಲ್ಲಿ ಕೂತ ಚಳಿ

ಉತ್ತರ ಧ್ರುವದ ಕಡೆಯ ಹಿಮದೂರು ಸೊದಾಂಕುಲದ ಇರ್ಯಾ ಕುಂಪುಲಾ ಬೆಳಿಗ್ಗೆ ಕಾಫಿಗೆ ನೀರಿಡುವ ಮೊದಲು ಹಿತ್ತಲಿಗೆ ಹೋಗಿ ಎರಡು ಉಷ್ಣಮಾಪಕ ನೋಡುತ್ತಿದ್ದಳು. ಒಂದು ನೆಲಕ್ಕೆ ಹತ್ತಿರ, ಪಾದದೆತ್ತರದಲ್ಲಿ; ಇನ್ನೊಂದು ಮೇಲೆ, ಸೂರಿನ ಕೆಳಗೆ. ಜ್ವರವಿರಲಿ, ಚರ್ಚಿಗೆ ಹೊತ್ತಾಗಲಿ, ಇದು ತಪ್ಪಿದ್ದಿಲ್ಲ.

"ಆಕಾಶದಲ್ಲಿ ಉಪಗ್ರಹ ಸುತ್ತುತ್ತಿದೆ, ನೀನಿನ್ನೂ ಹಿತ್ತಲಲ್ಲೇ ಇದ್ದೀಯಲ್ಲೇ ಮಾರಾಯ್ತಿ!" ಎಂದು ಜೊತೆಗೆಲಸದ ಏರ್ಕಿ ರೇಗಿಸುತ್ತಿದ್ದ.

"ಉಪಗ್ರಹಕ್ಕೆ ಚಳಿಗೆ ಕಾಲು ಕೊರೆಯಲ್ಲವಲ್ಲೋ."

ಧ್ರುವದ ಹವೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಗಾಳಿ ಎತ್ತ ಹರಿಯುತ್ತದೆಂದು ಹೇಳುವುದು ಇಬ್ಬರ ಕೆಲಸ. ಬೇಸಿಗೆಯಲ್ಲಿ ಲೆಕ್ಕ ಕೂಡುತ್ತಿತ್ತು. ಚಳಿಗಾಲದಲ್ಲಿ ಮಾತ್ರ ಭಾರದ ತಣ್ಣನೆ ಗಾಳಿ ಕಣಿವೆಯ ತಳದಲ್ಲಿ ಕೂತುಬಿಡುತ್ತದೆ. ಮೇಲೆ ಬೆಚ್ಚಗಿನ ಗಾಳಿ ಹಾದರೂ ಏಳುವುದಿಲ್ಲ. ಕಂಪ್ಯೂಟರ್ ಎರಡನ್ನೂ ಕಲಸಿಬಿಡುತ್ತಿತ್ತು.

ಒಂದು ಜನವರಿಯಲ್ಲಿ ನೀಲಾ ಸಾರಾ ಎಂಬ ಹಿಮಸಾರಂಗ ಸಾಕುವಾತ ಫೋನ್ ಮಾಡಿದ. "ತಂಗೀ, ಮಳೆ ಬರುತ್ತಂತೆ. ಹಿಂಡನ್ನ ಕಣಿವೇಲೇ ಬಿಡಲೋ, ಹಳೇ ಕಾಡಿಗೆ ಹೊಡೀಲೋ? ಎಲ್ಲ ಬಸುರಿಯರು. ಸುಮ್ಮನೆ ಓಡಿಸಿದ್ರೆ ಹೊಟ್ಟೇಲಿರೋ ಕರು ಹೋಗುತ್ತೆ."

ಮಳೆನೀರು ಹೆಪ್ಪುಗಟ್ಟಿದರೆ ಹಿಮ ಬಂಡೆಯಾಗುತ್ತದೆ. ಅದನ್ನು ಕೆದಕಿ ಅಡಿಯ ಕಲ್ಲುಹೂವು ತಿನ್ನಲಾಗದೆ ಹಿಂಡು ಸಾಯುತ್ತದೆ. ಹಳೇ ಕಾಡಿನಲ್ಲಾದರೆ ಕಲ್ಲುಹೂವು ಮರದಿಂದಲೇ ಇಳಿಬಿದ್ದಿರುತ್ತದೆ.

ನೆಲ ಬೆಚ್ಚಗಿರುತ್ತದೆ, ಹೆಪ್ಪುಗಟ್ಟುವುದಿಲ್ಲ ಎಂದಿತು ಕಂಪ್ಯೂಟರ್. ಆದರೆ ಅಂದು ಪಾದದೆತ್ತರದಲ್ಲಿ ಇರ್ಯಾ ಕಂಡದ್ದು ಮೈನಸ್ ಮೂವತ್ತೊಂದು ಡಿಗ್ರಿ. ಕಣಿವೆಯಲ್ಲಿಟ್ಟ ಉಪಕರಣಗಳಿಂದ ಬಂದ ಅಳತೆಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಮೂರು ದಿನದ ಚಳಿಯನ್ನೆಲ್ಲ ಕಂಪ್ಯೂಟರ್ 'ಉಪಕರಣ ಕೆಟ್ಟಿದೆ' ಎಂದು ಪಕ್ಕಕ್ಕೆ ತಳ್ಳಿತ್ತು. ಕಂಪ್ಯೂಟರಿನ ಊಹೆಗೆ ತೀರಾ ಹೊಂದದ ಅಳತೆಯನ್ನು ಹೀಗೆ ತಳ್ಳುವ ಜರಡಿಯಂಥ ಪ್ರೋಗ್ರಾಮನ್ನು ಬರೆದವಳು ಅವಳೇ, ಆರು ವರ್ಷದ ಹಿಂದೆ.

"ಏರ್ಕಿ, ತಪ್ಪು ನಂದೇ ಕಣೋ. ನಿಜ ಹೇಳಿದ ಉಪಕರಣಾನೇ ಸುಳ್ಳುಬುರುಕ ಅಂದಿದ್ದೀನಿ."

ಜರಡಿ ಸಡಿಲಿಸಿ ಮತ್ತೆ ಲೆಕ್ಕಕ್ಕೆ ಹಚ್ಚಿದಳು. ಮುಗಿಯುವವರೆಗೆ ಕೈಮುಗಿದು ಕೂತಳು. ಈ ಸಲ ಲೆಕ್ಕದಲ್ಲಿ ಚಳಿ ಕಣಿವೆಯಲ್ಲೇ ಉಳಿಯಿತು. ಅದರ ಮೇಲೆ ಬೀಳಲಿದ್ದ ಮಳೆ ಗಾಜಿನಂತೆ ಹೆಪ್ಪುಗಟ್ಟಿತು.

"ಅಣ್ಣಾ, ಇವತ್ತೇ ಕಾಡಿಗೆ ಹೊಡೀರಿ," ಎಂದು ನೀಲಾನಿಗೆ ಫೋನಿನಲ್ಲಿ ಹೇಳಿದಳು. " ಇಷ್ಟು ದಿನ ಕಂಪ್ಯೂಟರ್ ತೋರಿಸಿದ್ದು ತಪ್ಪು. ನನ್ನ ಕೈಯಿಂದಲೇ ಆಗಿದ್ದು."

"ತಪ್ಪು ಒಪ್ಪಿಕೊಂಡವಳ ಮಾತು ಕೇಳ್ತೀನಿ," ಎಂದ ನೀಲಾ.

ಮೂರನೆಯ ದಿನ ಮಳೆ ಬಂತು. ಕಣಿವೆಯಲ್ಲಿ ಕಾಲಿಟ್ಟರೆ ಜಾರುವ ಹಾಗಾಯಿತು. ಹಿಂಡು ಹಳೇ ಕಾಡಿನಲ್ಲಿ ಕತ್ತೆತ್ತಿ ಮೇಯುತ್ತಿತ್ತು.

ಚಳಿ ಮುರಿದ ಮೇಲೆ ನೀಲಾ ತಾನೇ ಬಂದ. "ಈ ವಸಂತದಲ್ಲಿ ಮೊದಲು ಹುಟ್ಟೋ ಹೆಣ್ಣುಕರು ನಿಂದು. ನಾನೇ ಸಾಕ್ತೀನಿ."

"ಬೇಡಣ್ಣ. ನನ್ನ ಕರು ಅಲ್ಲಿದ್ರೆ ಮುಂದಿನ ಮಳೆಗೆ ನಾನು ಹೆದರಿಕೊಂಡು, ಲೆಕ್ಕ ಏನೇ ಹೇಳಲಿ, ಓಡಿಸಿ ಅಂದುಬಿಟ್ಟೇನು."

"ಹಾಗಾದ್ರೆ ಏರ್ಕಿಗೆ ಕೊಡ್ಲಾ?"

"ಅವನಿಗೂ ಬೇಡ. ಲೆಕ್ಕ ಹಾಕೋದು ಅವನೂ ತಾನೇ," ಎಂದಳು ಇರ್ಯಾ.