ಟ್ರಾಂಟರ್ ನೆಟ್ಟ ಕ್ಯಾರೆಟ್

ವೆನ್ಲೋ ಕೋರ್ಟ್ ಬಂಗಲೆಯ ತರಕಾರಿ ತೋಟದ ಸುತ್ತ ಆಳೆತ್ತರ ಮೀರಿದ ಇಟ್ಟಿಗೆ ಗೋಡೆ. ಆ ಗೋಡೆಯ ಮೂಲೆಗೆ ಅಂಟಿಕೊಂಡಂತೆ ತೋಟಗಾರನ ಮನೆ. ರೋಲಂಡ್ ಟ್ರಾಂಟರ್ ಹುಟ್ಟಿದ್ದು ಆ ಮನೆಯಲ್ಲೇ. ಆಗ ಅವನ ಅಪ್ಪ ತೋಟದ ಯಜಮಾನ. ಯಜಮಾನಿಕೆಯೆಲ್ಲ ಗೋಡೆಯ ಒಳಗೆ ಮಾತ್ರ. ಬಾಗಿಲು ದಾಟಿದರೆ ಬಂಗಲೆಯವರಿಗೆ ಟೋಪಿ ತೆಗೆದು ನಿಲ್ಲಬೇಕು. ಕೆಲಸ ಇದ್ದಷ್ಟು ದಿನ ಮನೆ, ಕೆಲಸ ಹೋದರೆ ಮನೆಯೂ ಹೋಯಿತು. ಅಪ್ಪನ ನಂತರ ಕೆಲಸವೂ ಮನೆಯೂ ಮಗನಿಗೆ ಬಂದವು. ಜೊತೆಗೆ ಆ ಭಯವೂ ಬಂತು.

ಬಂಗಲೆಯ ಮನೆತನ ಕರಗಿ, ಕಂಪನಿಯೊಂದು ಅದನ್ನು ಕೊಂಡು ಹೋಟೆಲ್ ಮಾಡಿತು. ಬರೀ ಹೋಟೆಲ್ ಅಲ್ಲ, ನಿಧಾನವಾಗಿ ಬದುಕುವುದನ್ನು ಕಲಿಸುವ ಹೋಟೆಲ್. ಬಂದವರು ವಾರಗಟ್ಟಲೆ ಇರಬೇಕು, ಫೋನನ್ನು ಬಾಗಿಲಲ್ಲೇ ಪೆಟ್ಟಿಗೆಗೆ ಹಾಕಬೇಕು, ಬ್ರೆಡ್ಡಿನ ಹಿಟ್ಟು ನಾದಬೇಕು, ರಾತ್ರಿ ಊಟದ ತರಕಾರಿಯನ್ನು ತಾವೇ ತೋಟಕ್ಕೆ ಹೋಗಿ ಕಿತ್ತು ತರಬೇಕು. ನಿಧಾನ ಕಲಿಯಲು ಬರುವವರಿಗೆ ಎಷ್ಟು ಅವಸರ ಎಂದರೆ, ಕಾರಿನಿಂದ ಇಳಿದವರೇ ಕೇಳುವ ಮೊದಲ ಮಾತು, 'ಕ್ಯಾರೆಟ್ ಕೀಳೋದು ಎಷ್ಟು ಹೊತ್ತಿಗೆ?'

ಮೊದಲ ಬೇಸಿಗೆಯಲ್ಲೇ ಕ್ಯಾರೆಟ್ಟಿಗೆ ನೊಣದ ಹುಳ ಬಿತ್ತು. ಕಿತ್ತು ನೋಡಿದರೆ ಕಿರುಬೆರಳ ಗಾತ್ರದ, ಕೊರೆದು ಕಪ್ಪಾದ ಗೆಡ್ಡೆ. ಅತಿಥಿಗಳು ಬರುವ ದಿನ ಬೆಳಿಗ್ಗೆ ಮ್ಯಾನೇಜರ್ ಇಮೊಜೆನ್, ಸೊಪ್ಪಿನ ಸಮೇತ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಕಟ್ಟಿದ ಮಾರ್ಕೆಟ್ ಕ್ಯಾರೆಟ್ಟಿನ ಪೆಟ್ಟಿಗೆ ಹೊರಿಸಿಕೊಂಡು ಪಾತಿಯ ಹತ್ತಿರ ಬಂದಳು.

"ರೋಲಂಡ್, ಬೇಜಾರ್ ಮಾಡ್ಕೋಬೇಡಿ. ಇದೊಂದ್ ಸಲ. ಇವನ್ನ ಮಣ್ಣಲ್ಲಿ ನೆಟ್ಬಿಡಿ."

"ನೆಡೋದಾ? ಕ್ಯಾರೆಟ್ಟನ್ನ?"

"ಗೂಟದಲ್ಲಿ ತೂತು ಮಾಡಿ ಇಳಿಸಿ, ಒಂಚೂರು ನೀರು ಹಾಕಿದ್ರಾಯ್ತು. ಅವರಿಗೆ ಬೇಕಿರೋದು ಕ್ಯಾರೆಟ್ಟಲ್ಲ, ಕೀಳೋ ಖುಷಿ."

ಗೋಡೆಯ ಮೂಲೆಯಲ್ಲಿ ರೋಲಂಡನ ಹೆಂಡತಿ ಗ್ಲೆನಿಸ್ ಒಣಗಲು ಹಾಕಿದ್ದ ಬಟ್ಟೆ ಗಾಳಿಗೆ ಹಾರಾಡುತ್ತಿತ್ತು. ರೋಲಂಡ್ ಆ ಬಟ್ಟೆಯನ್ನೊಮ್ಮೆ ನೋಡಿ, ಮಂಡಿಯೂರಿ ಕೂತು, ಒಂದೊಂದೇ ಕ್ಯಾರೆಟ್ಟನ್ನು ಮಣ್ಣಿಗೆ ಇಳಿಸಿದ. ಮಧ್ಯಾಹ್ನ ಅತಿಥಿಗಳು ಬಂದು ಕಿತ್ತರು, ಕಿರುಚಿದರು, ಮಣ್ಣಿನ ವಾಸನೆ ಮೂಸಿ ಕಣ್ಣು ಮುಚ್ಚಿದರು.

ಒಂದು ಸಲ ಎಂದದ್ದು ವಾಡಿಕೆಯಾಯಿತು. ಹುಳ ಹೋದರೂ ಪೆಟ್ಟಿಗೆ ನಿಲ್ಲಲಿಲ್ಲ, ಯಾಕೆಂದರೆ ನೆಟ್ಟವು ಸರಾಗವಾಗಿ ಕೈಗೆ ಬರುತ್ತಿದ್ದವು. ಬೆಳೆದವು ಹಟ ಮಾಡಿ ತುಂಡಾಗುತ್ತಿದ್ದವು.

"ಇದೇನ್ ಮಾಡ್ತಿದೀಯೋ ನೀನು?" ಎಂದು ಗ್ಲೆನಿಸ್ ಒಂದು ದಿನ ಕೇಳಿಯೇ ಬಿಟ್ಟಳು. "ನಿಮ್ಮಪ್ಪ ನೋಡಿದ್ರೆ ಸಲಿಕೇಲೇ ಬಾರಿಸ್ತಿದ್ರು."

"ನಮ್ಮಪ್ಪಂಗೆ ಮನೆ ಬಿಡು ಅಂತ ಯಾರೂ ಹೇಳಿರ್ಲಿಲ್ಲ."

"ನಿಂಗ್ ಯಾರ್ ಹೇಳಿದಾರೆ?"

"ಹೇಳೋವರ್ಗೂ ಕಾಯ್ಲಾ?"

ಈಗ ಊರಿನ ಸಂಗತಿ ಹೇಳಬೇಕು. ಪ್ರತಿ ಆಗಸ್ಟ್ ಕೊನೆಗೆ ಚರ್ಚಿನ ಹಿಂದಿನ ಬಯಲಲ್ಲಿ ಡೇರೆ ಹೊಡೆದು ತರಕಾರಿ ಸ್ಪರ್ಧೆ ನಡೆಸುತ್ತಾರೆ. ಉದ್ದ ಕ್ಯಾರೆಟ್ಟಿಗೊಂದು ಬೆಳ್ಳಿಯ ಕಪ್ಪು. ಅದರ ಮೇಲೆ ಅಪ್ಪ ಟ್ರಾಂಟರನ ಹೆಸರಿದೆ, ಮಗ ಟ್ರಾಂಟರನ ಹೆಸರಿದೆ. ನಿಯಮ ಒಂದೇ: ಇಟ್ಟವನೇ ಬೆಳೆದಿರಬೇಕು. ಈ ವೆನ್ಲೋ ಊರಲ್ಲಿ ಒಬ್ಬನ ಹೆಂಡತಿ ಓಡಿಹೋದರೆ ಒಂದೆರಡು ವಾರ ಆಡಿಕೊಂಡು ಸುಮ್ಮನಾಗುತ್ತಾರೆ. ಕೊಂಡು ತಂದ ಈರುಳ್ಳಿಯನ್ನು ಸ್ಪರ್ಧೆಯ ಮೇಜಿನ ಮೇಲಿಟ್ಟವನ ಕಥೆಯನ್ನು ಮೊಮ್ಮಕ್ಕಳ ಕಾಲಕ್ಕೂ ಹೇಳುತ್ತಾರೆ.

ರೋಲಂಡನಿಗೆ ಮಕ್ಕಳಿಲ್ಲ, ಇರುವ ಮನೆ ಅವನದಲ್ಲ, ತೋಟವೂ ಅವನದಲ್ಲ. ಅವನದು ಎಂದು ಇದ್ದದ್ದು ಆ ಕಪ್ಪಿನ ಮೇಲಿನ ಹೆಸರು. ಅದಕ್ಕಾಗಿ ಗಾಜಿನ ಮನೆಯ ಹಿಂದೆ, ತುಕ್ಕು ಹಿಡಿದ ಎಣ್ಣೆ ಡ್ರಮ್ಮುಗಳಲ್ಲಿ ಮರಳು ತುಂಬಿ, ಸರಳಿನಿಂದ ಆಳವಾಗಿ ತೂತು ಕೊರೆದು, ಅದಕ್ಕೆ ಜರಡಿ ಹಿಡಿದ ಗೊಬ್ಬರ ಇಳಿಸಿ ಬೀಜ ಹಾಕುತ್ತಿದ್ದ. ಆ ಕ್ಯಾರೆಟ್ ಮೊಣಕೈಯಿಂದ ಬೆರಳ ತುದಿಯವರೆಗೆ ಬೆಳೆದು, ಅದರಾಚೆ ಇಲಿಬಾಲದಷ್ಟು ಸಣ್ಣಗೆ ಇಳಿಯುತ್ತಿತ್ತು. ಇಮೊಜೆನ್ ಆ ಡ್ರಮ್ಮುಗಳಿಗೆ ಗೋಣಿತಟ್ಟು ಹೊದಿಸಿಡಲು ಹೇಳಿದ್ದಳು, ಫೋಟೋಗಳಲ್ಲಿ ತುಕ್ಕು ಕಾಣುತ್ತದೆಂದು.

ಈ ವರ್ಷ ಡ್ರಮ್ಮಿನ ಬೆಳೆ ಹಿಂದೆಂದೂ ಬಾರದ ಹಾಗೆ ಬಂದಿತ್ತು. ಮೂರನ್ನು ಆರಿಸಿ, ಸೊಪ್ಪು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಎಳೆಮಗುವಿನಂತೆ ಸುತ್ತಿ ಡೇರೆಗೆ ಒಯ್ದ. ಕರಿ ಬಟ್ಟೆಯ ಮೇಲೆ ಅವನ್ನು ಮಲಗಿಸಿದಾಗ ಪಕ್ಕದಲ್ಲಿದ್ದವರು ಯಾರೂ ಮಾತಾಡಲಿಲ್ಲ. ಬೆರಗಾಗಿದ್ದಾರೆ ಎಂದುಕೊಂಡ. ಅಲ್ಲೇ ತಪ್ಪಿದ. ಪಬ್ಬಿನಲ್ಲೂ ಕೆಲ ಕಾಲದಿಂದ ಅವನು ಬಂದರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಯಾರೂ ಏನೂ ಅನ್ನುವುದಿಲ್ಲ, ಆದ್ದರಿಂದ ಯಾರಿಗೂ ಏನೂ ಗೊತ್ತಿಲ್ಲ ಎಂದು ನಂಬಿದ್ದ. ಈ ಸೀಮೆಯಲ್ಲೇ ಹುಟ್ಟಿ ಬೆಳೆದವನಿಗೆ ಅಷ್ಟು ತಿಳಿಯಬೇಡವೇ? ಇಲ್ಲಿ ಜನ ಏನೂ ಅನ್ನುತ್ತಿಲ್ಲವೆಂದರೆ ಎಲ್ಲಾ ಗೊತ್ತಾಗಿದೆ ಎಂದೇ ಅರ್ಥ.

ತೀರ್ಪಾದ ಮೇಲೆ ಡೇರೆಯ ಬಾಗಿಲು ತೆಗೆದರು. ಐವರ್ ಪ್ರೀಸನ ಕ್ಯಾರೆಟ್ಟಿನ ಮುಂದೆ ಮೊದಲ ಬಹುಮಾನದ ಕೆಂಪು ಚೀಟಿ. ರೋಲಂಡನ ಕ್ಯಾರೆಟ್ಟಿನ ಮುಂದೆ ಬಿಳಿ ಚೀಟಿ: 'ನಿಯಮದಂತಿಲ್ಲ.' ಅಷ್ಟೇ. ಕಾರಣವಿಲ್ಲ, ಸಹಿಯಿಲ್ಲ. ಸುತ್ತ ನಿಂತವರು ಆ ಮೇಜಿನಲ್ಲಿ ಕ್ಯಾರೆಟ್ಟೇ ಇಲ್ಲವೆಂಬಂತೆ ಬೀಟ್‌ರೂಟಿನ ಬಗ್ಗೆ ಮಾತಾಡುತ್ತಿದ್ದರು.

ಐವರ್ ಪ್ರೀಸ್ ಸ್ಪರ್ಧೆಯ ಕಾರ್ಯದರ್ಶಿಯೂ ಹೌದು, ರೋಲಂಡನ ಜೊತೆ ಶಾಲೆಗೆ ಹೋದವನೂ ಹೌದು. ರೋಲಂಡ್ ಅವನನ್ನು ಡೇರೆಯ ಮೂಲೆಗೆ ಎಳೆದ.

"ಇದೇನಯ್ಯಾ ಐವರ್?"

ಐವರ್ ತನ್ನ ಬೂಟು ನೋಡಿಕೊಂಡ. "ಹೋಟ್ಲಿಗೆ ಕ್ಯಾರೆಟ್ ಪೆಟ್ಟಿಗೆ ತರೋ ವ್ಯಾನಿನವನು ನಮ್ ಪಬ್ಬಲ್ಲೇ ಕುಡಿಯೋದು ಕಣೋ. ಇಡೀ ಊರಿಗೇ ಗೊತ್ತು."

"ಅವು ಬೇರೆ, ಇವು ಬೇರೆ! ಇವನ್ನ ನಾನೇ ಬೆಳೆದಿದ್ದು. ಡ್ರಮ್ ನೀನೇ ನೋಡಿದೀಯಲ್ಲ!"

"ನೋಡಿದೀನಿ. ಅದಕ್ಕೇ ಹೇಳ್ತಿರೋದು. ಕಮಿಟಿಯೋರು ಇಲ್ಲೇ ಇದಾರೆ. ಹೋಟ್ಲಲ್ಲಿ ನೆಡೋದು ಕೊಂಡಿದ್ದು, ಇದು ಬೆಳೆದಿದ್ದು ಅಂತ ನಿನ್ನ ಬಾಯಲ್ಲೇ ಒಂದ್ಸಲ ಅಂದ್ಬಿಡು. ಚೀಟಿ ನಾನೇ ತೆಗೀತೀನಿ. ಈ ಕೆಂಪು ಚೀಟೀನೂ ನಿನ್ ಮುಂದೆ ಇಡ್ತೀನಿ. ಎರಡನೇದು ನನಗೇನ್ ಹೊಸದಾ?"

ರೋಲಂಡ್ ಮೇಜಿನ ಕಡೆ ತಿರುಗಿದ, ಹೇಳಿಬಿಡೋಣವೆಂದೇ. ಬಾಯಿಯನ್ನೂ ತೆಗೆದಿದ್ದ. ಅಷ್ಟರಲ್ಲಿ ಇಮೊಜೆನ್ ಅತಿಥಿಗಳ ದಂಡು ಕಟ್ಟಿಕೊಂಡು ಡೇರೆಯೊಳಗೆ ಬಂದಳು. ಮುಂದೆ ಸಿಂಕ್ಲೇರ್ ದಂಪತಿ. ಪ್ರತಿ ವರ್ಷ ಬರುವವರು.

"ಅಯ್ಯೋ, ರೋಲಂಡ್ ಅವರೇ!" ಎಂದಳು ಮಿಸೆಸ್ ಸಿಂಕ್ಲೇರ್. "ಇವು ನಿಮ್ದಾ? ನಾವು ನಿನ್ನೆ ಕಿತ್ವಲ್ಲ, ಅದೇ ತಳೀನಾ?"

ಕಮಿಟಿಯವರೆಲ್ಲ ಬೀಟ್‌ರೂಟಿನ ಮಾತು ನಿಲ್ಲಿಸಿದರು. ಐವರ್ ಆಗಲೇ ಕೆಂಪು ಚೀಟಿಯನ್ನು ಮೇಜಿನಿಂದ ಎತ್ತಿ ಕೈಯಲ್ಲಿ ಹಿಡಿದು ನಿಂತಿದ್ದ. ಇಮೊಜೆನ್ ರೋಲಂಡನ ಮುಖ ನೋಡಿ ಮುಗುಳ್ನಕ್ಕಳು. ಆ ನಗುವಿನಲ್ಲಿ ಬೆದರಿಕೆ ಇತ್ತೋ ಇಲ್ಲವೋ. ಅವನಿಗಂತೂ ಅದರಲ್ಲಿ ಗೋಡೆಯ ಮೂಲೆಯ ಮನೆ ಕಂಡಿತು.

"ಹೌದು ಮೇಡಂ," ಎಂದ. "ಅವೇ ಇವು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಸುಳ್ಳಲ್ಲ. ಐವರ್ ಕೆಂಪು ಚೀಟಿಯನ್ನು ಮತ್ತೆ ತನ್ನ ಕ್ಯಾರೆಟ್ಟಿನ ಮುಂದೆಯೇ ಇಟ್ಟ. ರೋಲಂಡ್ ಮನೆಗೆ ಬರುವಷ್ಟರಲ್ಲಿ ಗ್ಲೆನಿಸಳಿಗೆ ಆಗಲೇ ಯಾರೋ ಹೇಳಿದ್ದರು. ಚಹಾ ಕೊಟ್ಟು, "ಮನೆ ಉಳೀತಲ್ಲ ಬಿಡು," ಎಂದಳು. ಸಮಾಧಾನಕ್ಕೆಂದು ಆಡಿದ್ದಲ್ಲ ಆ ಮಾತು.

ಮರುದಿನದ ಮರುದಿನ ಸೋಮವಾರ, ನಾಡಿಗೆಲ್ಲ ರಜೆ. ಮಾರ್ಕೆಟ್ ಮುಚ್ಚಿತ್ತು, ವ್ಯಾನ್ ಬರಲಿಲ್ಲ. ಬೆಳಿಗ್ಗೆಯೇ ಇಮೊಜೆನ್ ಓಡಿ ಬಂದಳು.

"ಮಧ್ಯಾಹ್ನ ಕೀಳೋದಿದೆ ರೋಲಂಡ್, ಪಾತಿ ಖಾಲಿ ಇದೆ. ನಿಮ್ಮ ಆ ಡ್ರಮ್ಮಲ್ಲಿ ಉಳಿದಿದಾವಲ್ಲ?"

"ಅಲ್ಲಿಗೇ ಕರ್ಕೊಂಡ್ ಬನ್ನಿ. ನಾನೇ ಕಿತ್ತು ತೋರಿಸ್ತೀನಿ."

"ಆ ತುಕ್ಕಿನ ಹತ್ರಾನಾ? ಬೇಡಪ್ಪ. ತಂದು ಪಾತೀಲಿ ನೆಟ್ಬಿಡಿ."

ಡ್ರಮ್ಮಿನಲ್ಲಿ ಉಳಿದದ್ದು ಚಳಿಗಾಲಕ್ಕೆ ಗ್ಲೆನಿಸಳ ಅಡುಗೆಗೆ. ಮರಳಿಗೆ ನೀರು ಬಿಟ್ಟು ಸಡಿಲಿಸಿ, ಬಾಲ ಮುರಿಯದಂತೆ ಒಂದೊಂದನ್ನೂ ಉಪಾಯವಾಗಿ ಎಳೆದ. ಪಾತಿಗೆ ತಂದು ನೋಡಿದರೆ ಗೂಟದ ತೂತಿಗಿಂತ ಅವು ಎಷ್ಟೋ ಉದ್ದ. ಆಳಕ್ಕೆ ತೂತು ಕೊರೆಯಬಹುದಿತ್ತು, ಆದರೆ ಆಗ ಅತಿಥಿಗಳ ಕೈಗೆ ಬರುವುದಿಲ್ಲ. ರೋಲಂಡ್ ಒಂದೊಂದನ್ನೂ ತೊಡೆಯ ಮೇಲಿಟ್ಟು ಅರ್ಧಕ್ಕೆ ಮುರಿದು, ಸೊಪ್ಪಿನ ಕಡೆಯ ತುಂಡನ್ನು ನೆಟ್ಟು ನೀರು ಹಾಕಿದ. ಮುರಿದ ತುದಿಗಳನ್ನು ಗೊಬ್ಬರದ ಗುಂಡಿಗೆ ಎಸೆದ. ಅವನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಹೋದರೆ ಕೈತುಂಬ ಮಣ್ಣು.

ಮಧ್ಯಾಹ್ನ ಅತಿಥಿಗಳು ಬುಟ್ಟಿ ಹಿಡಿದು ಬಂದರು. ಸಿಂಕ್ಲೇರ್ ಒಂದನ್ನು ಕಿತ್ತು, ಅತ್ತಿತ್ತ ತಿರುಗಿಸಿ ನೋಡಿ, ಸೊಪ್ಪಿನ ಬುಡವನ್ನು ಬೆರಳಲ್ಲಿ ಬಿಡಿಸಿ ಹುಡುಕಿದ. ಆಮೇಲೆ ಜೇಬಿಂದ ಒಂದು ನೀಲಿ ರಬ್ಬರ್ ಬ್ಯಾಂಡ್ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಹೋದ ವರ್ಷ ನಾನು ಕಿತ್ತ ಕ್ಯಾರೆಟ್ಟಿಗೆ ಇದು ಸುತ್ಕೊಂಡಿತ್ತು ರೋಲಂಡ್. ಜೋಪಾನವಾಗಿ ಇಟ್ಕೊಂಡಿದೀನಿ. ಗಾಬರಿ ಆಗ್ಬೇಡಪ್ಪ, ನಮಗೆಲ್ಲಾ ಮೊದಲಿಂದ್ಲೂ ಗೊತ್ತು. ಅದೇ ಮಜಾ!"

ಅತಿಥಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಮೊಜೆನ್ ಒಂದು ಕ್ಷಣ ಕೆಂಪಾಗಿ, ತಾನೂ ನಕ್ಕಳು. ಮನೆ ಎಲ್ಲಿಗೂ ಹೋಗುತ್ತಿರಲಿಲ್ಲ. ಶನಿವಾರ ಡೇರೆಯಲ್ಲಿ ಅವನು ನಿಜ ಹೇಳಿದ್ದರೂ ಇವರು ಹೀಗೆಯೇ ನಗುತ್ತಿದ್ದರು, ಅಷ್ಟೇ.

"ಇವತ್ತಿನದಕ್ಕೆ ರಬ್ಬರ್ ಬ್ಯಾಂಡೇ ಇಲ್ವಲ್ಲಯ್ಯಾ?" ಎಂದ ಸಿಂಕ್ಲೇರ್, ಕಣ್ಣು ಮಿಟುಕಿಸಿ.

ರೋಲಂಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇಲ್ಲ ಸಾರ್," ಎಂದ. "ಇವತ್ತು ಮರೀದೆ ಬಿಚ್ಚಿದೆ."