ಮಿಷನ್ ಹೊಟ್ಟೆಯ ಭತ್ತ

ಅಕ್ಕ ಪಾಲು ಕೇಳಿದ ದಿನದಿಂದ ನನಗೆ ಅವಳ ಮುಖ ಕಂಡರಾಗುತ್ತಿರಲಿಲ್ಲ. ಹೆಮ್ಮಿಗೆಯಲ್ಲಿ ಅಪ್ಪ ಬಿಟ್ಟುಹೋದ ಗದ್ದೆಯಲ್ಲಿ ಅರ್ಧ ಎಕರೆ ಅವಳ ಹೆಸರಿಗಾಯಿತು. ಪಾಳು ಬಿಡುತ್ತಾಳೆ ಅಂದುಕೊಂಡೆ. ಅವಳು ಕೆಂಬತ್ತ ಹಾಕಿದಳು.

ಕೆಂಬತ್ತ ನಮ್ಮ ತಾತನ ಕಾಲದ್ದು. ಎದೆಯುದ್ದ ಬೆಳೆಯುತ್ತದೆ, ಗೊಬ್ಬರ ಹೆಚ್ಚಾದರೆ ಮಲಗಿಬಿಡುತ್ತದೆ. ಅಂಗಡಿ ಗೊಬ್ಬರ, ಗಿಡ್ಡ ತಳಿಗಳು ಬಂದ ಮೇಲೆ ಅಪ್ಪನೇ ಅದನ್ನು ಕೈಬಿಟ್ಟ. ಬೀಜವೂ ಊರಿನಿಂದ ಹೋಯಿತು. ಅಕ್ಕನ ಗಂಡನ ಕಡೆಯ ಒಬ್ಬ ಮುದುಕಿ ಹಬ್ಬದ ಅನ್ನಕ್ಕೆಂದು ಒಂದು ಮಡಿ ಉಳಿಸಿಕೊಂಡಿದ್ದಳಂತೆ. ಅವಳಿಂದ ಸೇರು ಬೀಜ ತಂದು, ಮೂರು ವರ್ಷ ತೆನೆ ತೆನೆ ನೋಡಿ ಬೆರಕೆ ಕಿತ್ತು, ಅಕ್ಕ ಅದನ್ನು ಅರ್ಧ ಎಕರೆಗೆ ತಂದಳು. ವಾರವೆಲ್ಲ ತಾಂಡ್ಯದ ಫ್ಯಾಕ್ಟರಿ ಕೆಲಸ, ಭಾನುವಾರ ನಂಜನಗೂಡಿನಿಂದ ಬಸ್ಸು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಆ ಕೆಸರಲ್ಲಿ ಸವೆದವನು ನಾನು. ವಾರಕ್ಕೊಮ್ಮೆ ಬಂದು ನನಗೇ ಬೇಸಾಯ ಹೇಳುತ್ತಾಳಲ್ಲ ಎಂದು ಮೈ ಉರಿಯುತ್ತಿತ್ತು.

ತನಗೆ ಬಿತ್ತಲು ಬೇಕಾದಷ್ಟು ಇಟ್ಟುಕೊಂಡು, ಆ ವರ್ಷದ ಉಳಿದ ಬೆಳೆಯನ್ನೆಲ್ಲ ಬೀಜಕ್ಕೆ ಕೊಡುತ್ತೇನೆಂದು ಕಳಲೆಯ ಕೆಲವು ಹೆಂಗಸರಿಗೆ ಅವಳು ಮಾತು ಕೊಟ್ಟಿದ್ದಳು.

"ಭಾನುವಾರ ಬತ್ತೀನಿ, ಕುಡ್ಲಲ್ಲೇ ಕುಯ್ಯಾನ. ಮಿಷನ್ ಮಾತ್ರ ಇಳಿಸ್ಬ್ಯಾಡ ಕಣ್ಲಾ. ಅದರ ಹೊಟ್ಟೇಲಿ ಊರೋರ ಬತ್ತವೆಲ್ಲ ಕುಂತಿರ್ತದೆ."

"ಆಯ್ತು ಬುಡಕ್ಕ, ನಿನ್ ಬತ್ತನ ಮಡೀಲೇ ಮಡುಗಾನ," ಅಂದೆ.

ಶುಕ್ರವಾರ ಕೊಯ್ಲು ಮಿಷನ್ ಬಂತು. ತಡವಾಗಿ ನಾಟಿ ಮಾಡಿದ್ದ ನನ್ನ ಗಿಡ್ಡ ತಳಿ ಜ್ಯೋತಿ ಭತ್ತ ಕೊಯ್ದು ಮುಗಿಸಿ, ಡ್ರೈವರು "ಪಕ್ಕದ್ದು?" ಎಂದು ಕೈಯಲ್ಲೇ ಕೇಳಿದ. ನಾನು ಹೂಂ ಎಂದು ತಲೆಯಾಡಿಸಿದೆ. ಮರೆತು ಆಡಿಸಿದ್ದಲ್ಲ. ಮಾರನೆಯ ದಿನವೇ ಗದ್ದೆಗೆ ಟಿಲ್ಲರ್ ಹೊಡೆಸಿದೆ, ಮಿಷನ್ ಬಿಟ್ಟ ಉದ್ದನೆಯ ಕೂಳೆ ಅವಳ ಕಣ್ಣಿಗೆ ಬೀಳಬಾರದೆಂದು.

"ಆಗ್ಲೇ ಉತ್ಬುಟ್ಟಾ?" ಅಂದಳು ಭಾನುವಾರ.

"ಆಳು ಸಿಕ್ಕುದ್ರು. ಕುಯ್ಸಿ, ಕಲ್ಲಿಗೆ ಬಡಿಸಿ, ಚೀಲಕ್ಕೆ ತುಂಬಿವ್ನಿ."

ಅವಳು ಹಿಡಿ ಭತ್ತ ಉಜ್ಜಿ ಅಕ್ಕಿ ನೋಡಿದಳು. ಜ್ಯೋತಿಯದೂ ಕೆಂಪಕ್ಕಿಯೇ. ಏನೂ ತಿಳಿಯಲಿಲ್ಲ. "ಒಳ್ಳೇ ಕೆಲ್ಸ ಮಾಡ್ದೆ," ಎಂದು ಬೆನ್ನು ತಟ್ಟಿದಳು. ನನಗೆ ಆಗಲೂ ಒಳಗೊಳಗೇ ನಗು.

ಮುಂದಿನ ಬೆಳೆಯಲ್ಲಿ ಆ ಬೀಜ ಬಿತ್ತಿದ ಕಳಲೆಯ ಗದ್ದೆಗಳು ಎರಡು ಎತ್ತರದಲ್ಲಿ ಬೆಳೆದವು. ಗಿಡ್ಡದ್ದು ಮೊದಲೇ ಹಣ್ಣಾಗಿ ಉದುರಿತು, ಉದ್ದದ್ದು ಇನ್ನೂ ಹಸಿರು. ಒಂದು ಭಾನುವಾರ ಆ ಹೆಂಗಸರು ನಮ್ಮ ಬಾಗಿಲಿಗೇ ಬಂದರು.

"ಬೀಜ ಅಂತ ಕೊಟ್ಟಿದ್ದೋ, ಕೋಳಿ ಮೇವು ಅಂತ ಕೊಟ್ಟಿದ್ದೋ?" ಎಂದು ದಪ್ಪನೆಯವಳೊಬ್ಬಳು ಕೂಗಿದಳು. "ಬೆರಕೆ ಮಾಡಿ ಊರು ಹಾಳ್ಮಾಡೋಕೆ ಬಸ್ಸತ್ತಿ ಬಂದಿದ್ಯಾ?"

"ದೇವ್ರಾಣೆ ನನ್ ತಮ್ಮ ಕುಡ್ಲಲ್ಲೇ ಕುಯ್ಸಿದ್ದು. ಅವನ್ನೇ ಕೇಳಿ."

ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೌದೆನ್ನುತ್ತಿದ್ದೆ. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು, ದೊಡ್ಡ ಮನುಷ್ಯನ ಹಾಗೆ ಒಬ್ಬೊಬ್ಬರಿಗೂ ಕೊಟ್ಟೆ. ಅವರು ಕುಡಿದು ಮತ್ತೆ ಅವಳನ್ನು ಬೈದರು.

ಅವರು ಹೋದ ಮೇಲೆ ಅಕ್ಕ ತನ್ನ ಗದ್ದೆಗಿಳಿದು ಬೆರಕೆ ಕೀಳತೊಡಗಿದಳು. ಅಲ್ಲೂ ಅದೇ ಬೀಜ, ಅದೇ ಎರಡೆತ್ತರ. ನನ್ನನ್ನು ನಂಬಿ ದೇವರಾಣೆ ಇಟ್ಟವಳು ಒಬ್ಬಳೇ ಬಗ್ಗಿ ಕೀಳುವುದನ್ನು ನೋಡಲಾಗದೆ, ಬದುವಿನ ಮೇಲೆ ನಿಂತು ಎಲ್ಲ ಹೇಳಿಬಿಟ್ಟೆ. ಹೇಳಿ, ಕೀಳಲು ನಾನೂ ಇಳಿಯಹೋದೆ.

"ಕಾಲಿಕ್ಕಬ್ಯಾಡ," ಅಂದಳು, ತಲೆಯೆತ್ತದೆ. "ಕಳಲೆಗೋಗು. ಅವ್ರು ನನ್ನ ಬಯ್ದಷ್ಟೇ ಜೋರಾಗಿ ಅಲ್ಲಿ ಹೇಳು."

ಹೋದೆ. ಆ ದಪ್ಪನೆಯವಳ ಜಗಲಿಯ ಮುಂದೆ, ಬಿಸಿಲಲ್ಲಿ ನಿಂತು ಹೇಳಿದೆ. ಅಕ್ಕಪಕ್ಕದವರೂ ಹೊರಗೆ ಬಂದರು. ಅವಳು ಬೈಯಲಿಲ್ಲ, ನನ್ನ ಮುಖವನ್ನೇ ನೋಡಿದಳು.

"ಆಗ್ಲೇ ನಮ್ಗೆ ನೀರು ಕೊಟ್ಟೋನು ನೀನೇ ಅಲ್ವಾ?"

"ಹೂಂ ಕಣವ್ವ."

ಬಾಯಿ ಒಣಗಿತ್ತು. ಅವಳ ಬಾಗಿಲ ಪಕ್ಕದಲ್ಲೇ ನೀರಿನ ಕೊಡ ಇತ್ತು. ಅವಳು ಅದನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.