ಸಾಂಗಲಿಯಲ್ಲಿ ಕಂಡ ಮುಖ

ಆ ದಿನ ಮಾಡಿದ ಕೆಲಸಗಳು ಇಷ್ಟು: ನಸುಕಿನಲ್ಲಿ ಎದ್ದು ಅಂಗಳ ಗುಡಿಸಿ ಸಗಣಿ ನೀರು ಹೊಡೆದೆ. ಎಮ್ಮೆ ಹಿಂಡಿ, ಮೇವಿಗೆ ಕಣಿಕಿ ಹಾಕಿದೆ. ಬಾವಿಯಿಂದ ನಾಲ್ಕು ಕೊಡ ನೀರು ತಂದೆ. ಸ್ನಾನ, ಲಿಂಗಪೂಜೆ ಮುಗಿಸಿ ಎಂಟು ರೊಟ್ಟಿ ಬಡಿದು ಶೇಂಗಾ ಹಿಂಡಿಯೊಂದಿಗೆ ಬಟ್ಟೆಯಲ್ಲಿ ಕಟ್ಟಿದೆ. ಸಂಜೆ ಎಮ್ಮೆ ನೋಡಿಕೊಳ್ಳಲು ಹೇಳಿ ಮಗ್ಗುಲ ಮನೆಯ ಅಕ್ಕನಿಗೆ ಕೀಲಿಕೈ ಕೊಟ್ಟೆ. ಕಡೆಗೆ ನಮ್ಮ ಮನೆಯವರ ಪೆನ್ಸಿಲ್ಲುಗಳನ್ನು ಬ್ಲೇಡಿನಿಂದ ಚೂಪು ಮಾಡಿದೆ. ಅದು ಮಗಳ ಕೆಲಸವಾಗಿತ್ತು.

ಒಬ್ಬಳೇ ಮಗಳು. ಎಂಟು ವರ್ಷದವಳು, ಹಿಂದಿನ ಶ್ರಾವಣದಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ನಮ್ಮ ಮನೆಯವರು ಜತ್ತದ ಶಾಲೆಯಲ್ಲಿ ಚಿತ್ರ ಕಲಿಸುವ ಮಾಸ್ತರರು, ಆದರೆ ಮನೆಯಲ್ಲಿ ಆಕೆಯ ಮುಖದ ಒಂದು ಚಿತ್ರವೂ ಇರಲಿಲ್ಲ. ಅದನ್ನು ಹುಡುಕಿಕೊಂಡೇ ನಾವು ಅಂದು ಸಾಂಗಲಿಗೆ ಹೊರಟಿದ್ದೆವು.

ಚಿತ್ರ ಏಕೆ ಇರಲಿಲ್ಲ ಎಂಬುದನ್ನೂ ಬರೆಯಬೇಕು. ಆಗ ಜತ್ತದ ರಾಜರ ಸಂಸ್ಥಾನ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಪ್ರತಿ ಆದಿತ್ಯವಾರ ಅವರು ಮಗಳನ್ನು ಕರೆದುಕೊಂಡು ಶೇಗಾಂವದ ದಾರಿ, ಸೊರಡಿಯ ಕಡೆಯ ದಿನ್ನೆ ಎಂದು ಹೋಗಿ, ಕಂಡದ್ದನ್ನು ಬರೆಯುತ್ತಿದ್ದರು. ಬೇವಿನ ಗಿಡ, ಬಾವಿ, ಕುರಿಹಟ್ಟಿ. ಒಮ್ಮೆ ಕುಣಿಕೋಣೂರಿನ ಕುರುಬ ಮುದುಕನೊಬ್ಬ ಬಗ್ಗಿ ನೋಡಿ, "ಮಾಸ್ತರ, ನನ್ನ ಕುರಿ ಇಪ್ಪತ್ತ ಅದಾವ, ನೀವು ಏಳs ಬರ್ದೀರಿ. ಉಳದದ್ದು ತ್ವಾಳಕ್ಕ ಬಿಟ್ರೇನು?" ಎಂದನಂತೆ. ಮಗಳು ಮನೆಗೆ ಬಂದು ಮುದುಕನ ಹಾಗೆಯೇ ಸೊಂಟದ ಮೇಲೆ ಕೈ ಇಟ್ಟು ಅದನ್ನು ಆಡಿ ತೋರಿಸಿದ್ದಳು.

ಆ ಚಿತ್ರಗಳಲ್ಲೆಲ್ಲ ಮಗಳಿದ್ದಾಳೆ, ಬೆನ್ನು ತಿರುಗಿಸಿ. ನಮ್ಮ ಅತ್ತೆ ಇದ್ದಾಗ ಹೇಳುತ್ತಿದ್ದರು: "ಬೆಳಿಯೂ ಕೂಸಿನ ಮಾರಿ ಕಾಗದಕ್ಕ ಇಳಸಬಾರ್ದವ್ವಾ, ಆಯುಷ್ಯ ಕಾಗದಕ್ಕ ಹೊಕ್ಕೈತಿ." ಅತ್ತೆ ಹೋದ ಮೇಲೆ ಆ ಮಾತನ್ನು ಕಾದವಳು ನಾನು. ಒಂದು ಮಧ್ಯಾಹ್ನ ಮಗಳು ಮಲಗಿದ್ದಾಗ ಅವರು ಮುಖ ಬರೆದಿದ್ದರು. ಎಷ್ಟು ಚೆನ್ನಾಗಿತ್ತೆಂದರೆ ನನಗೆ ಅತ್ತೆಯ ಮಾತು ನೆನಪಾಯಿತು. ತೆಗೆದುಕೊಂಡು ಹೋಗಿ ಹಂಡೆಯ ಒಲೆಗೆ ಹಾಕಿದೆ. ಸಂಜೆ ಅದೇ ನೀರಿನಲ್ಲಿ ಮಗಳಿಗೆ ಎರೆದೆ.

ಆಕೆ ಹೋದ ದಿನ ನಮ್ಮಲ್ಲಿಯ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂ ಹಾಕಿದ್ದರು. ಬಂದವರಲ್ಲಿ ಯಾರೋ, "ಮಾಸ್ತರ, ಈಗರೆ ಒಂದು ಬರ್ಕೋರಿ" ಎಂದರು. ಅವರು ಪೆನ್ಸಿಲ್ಲು ಹಿಡಿದು ಕೂತರು. ಹೊತ್ತು ಹೋಗುತ್ತದೆ ಎಂದು ಜನ ಎಬ್ಬಿಸುವವರೆಗೂ ಕಾಗದ ಬೆಳ್ಳಗೇ ಇತ್ತು.

ಆಮೇಲೆ ನೆನಪಿನಿಂದ ಬರೆಯಲು ಕೂತರು. ದಿನಾ ಒಂದು. ಯಾವುದೂ ಆಕೆಯಾಗಲಿಲ್ಲ. ಸಂಕ್ರಾಂತಿಗೆ ಬಂದಿದ್ದ ನಾದಿನಿ ಅವನ್ನೆಲ್ಲ ನೋಡಿದಳು. ಆಕೆಯನ್ನು ಕೊಟ್ಟದ್ದು ಸಾಂಗಲಿಯ ಅರಿಶಿನ ವ್ಯಾಪಾರದವರಿಗೆ. "ವೈನಿ," ಎಂದಳು, "ನಮ್ಮೂರಾಗ ಒಂದು ಹಳೇ ವಾಡೇದಾಗ ಚಿತ್ರ ತೂಗ ಹಾಕ್ಯಾರ್ರಿ. ಅಲ್ಲೊಂದು ಹುಡುಗಿ ಐತಿ, ಥೇಟ್ ನಮ್ಮ ಕೂಸs. ಅಣ್ಣ ಅದನ್ನ ನೋಡಿ ಬರಕೊಳ್ಳಲಿ. ಕುರಿ ಬರದು ಬರದು ಅವನ ಕೈ ಕುರಿಗೇ ಹತ್ತೇತಿ."

ಅಂದು ಮೊದಲ ಮೋಟಾರಿಗೆ ಹೋದೆವು. ವಾಡೆ ಎಂದರೆ ಸರದಾರರ ಕಾಲದ ದೊಡ್ಡ ಮನೆ, ಒಳಗೆ ನೆಲ ತಣ್ಣಗಿತ್ತು. ಗೋಡೆಯ ಚಿತ್ರಗಳಲ್ಲಿ ಮೀಸೆಯ ಸರದಾರರು, ಬೇಟೆ, ಹಡಗು, ಹಣ್ಣಿನ ತಟ್ಟೆ. ಚೌಕಟ್ಟಿನ ಮೇಲೆಲ್ಲ ಧೂಳು, ಸೆರಗಿನಿಂದ ಒರೆಸಬೇಕೆನಿಸಿತು. ಕೈ ಚಾಚುತ್ತಲೇ ಕಾವಲುಗಾರ "ಬಾಯಿ, ಹಾತ್ ಲಾವೂ ನಕಾ" ಎಂದು ಮರಾಠಿಯಲ್ಲಿ ತಡೆದ. ಮುಟ್ಟಲಿಲ್ಲ.

ಕೊನೆಯ ಕೋಣೆಯಲ್ಲಿ ಆ ಹುಡುಗಿ ಇದ್ದಳು. ಬಾಗಿಲಿಗೆ ಒರಗಿ, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು, ನಮ್ಮನ್ನೇ ನೋಡುತ್ತಿದ್ದಳು. ನಾನು ಅಲ್ಲೇ ನೆಲದ ಮೇಲೆ ಕೂತೆ.

"ಹೌದ್ರಿ. ಗದ್ದ ಹೌದು," ಎಂದೆ.

"ಗದ್ದ ಅಲ್ಲ, ಹುಬ್ಬು," ಎಂದರು ಅವರು.

ಕಾವಲುಗಾರ ಬರೆದುಕೊಳ್ಳಲು ಬಿಟ್ಟ. ಮಾಸ್ತರಿಕೆಯ ಕೈ, ಒಂದು ತಾಸಿನಲ್ಲಿ ಹುಡುಗಿ ಇದ್ದ ಹಾಗೆಯೇ ಕಾಗದಕ್ಕೆ ಇಳಿದಳು. ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ಹೊರಬಿದ್ದು ಕೃಷ್ಣೆಯ ಘಾಟಿಗೆ ಹೋದೆವು. ಕಟ್ಟೆಯ ಮೇಲೆ ರೊಟ್ಟಿ ಬಿಚ್ಚಿಟ್ಟೆ. ಅವರು ಮುಟ್ಟಲಿಲ್ಲ. "ಇಲ್ಲಿಂದ ನಮ್ಮ ಕೂಸು ಆಗಬೇಕು. ನೀ ಹೇಳ್ತಾ ಹೋಗು, ನಾ ತಿದ್ದತೀನಿ," ಎಂದು ರಬ್ಬರು ತೆಗೆದರು.

"ಮೂಗು ಇಷ್ಟು ಉದ್ದ ಇರಲಿಲ್ರಿ."

ತಿದ್ದಿದರು. "ಈಗ?"

"ಈಗ ಭಾಳ ಗಿಡ್ಡ ಆತು."

"ಕಿವೀ ಹತ್ರ ಮಚ್ಚಿ ಇತ್ತಲ್ಲ, ಎಡಕ್ಕ?"

"ಬಲಕ್ರಿ. ನಾ ದಿನಾ ಎಣ್ಣಿ ಹಚ್ಚಾಕಿ, ನನಗ ಗೊತ್ತಿಲ್ಲೇನು?"

"ನಾ ಆದಿತ್ಯವಾರಕ್ಕೊಮ್ಮೆ ಹೆಗಲ ಮ್ಯಾಲ ಹೊತ್ತಾಂವ. ಎಡಕ್ಕs."

ಮಚ್ಚೆಯನ್ನು ಎಡಕ್ಕೆ ಇಟ್ಟರು, ಅಳಿಸಿದರು, ಬಲಕ್ಕೆ ಇಟ್ಟರು, ಅಳಿಸಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ಹೋದರು. ಬಿಸಿಲು ಕಟ್ಟೆಯಿಂದ ಇಳಿದು ನೀರಿಗೆ ಹೋಯಿತು. "ಕಣ್ಣು ಹೇಳು. ಕಣ್ಣು ಹೆಂಗಿದ್ದುವು?" ಎಂದು ಕೇಳಿದಾಗ ನಾನು ಕಣ್ಣು ಮುಚ್ಚಿ ಮಗಳನ್ನು ಕರೆದೆ. ಬಂದವಳು ಬುಟ್ಟಿಯ ಹುಡುಗಿ. ಮತ್ತೆ ಕರೆದೆ. ಕುರುಬ ಮುದುಕನಂತೆ ಸೊಂಟದ ಮೇಲೆ ಕೈ ಇಟ್ಟು ನಿಂತವಳೂ ಬುಟ್ಟಿಯ ಹುಡುಗಿಯೇ. ಜ್ವರದಲ್ಲಿ ಮಲಗಿದವಳೂ ಆಕೆಯೇ.

"ಯಾಕ ಸುಮ್ಮನಾದಿ?"

"ಬರವಲ್ದು ರೀ. ಆ ಚಿತ್ರದ ಹುಡುಗೀನs ಬರ್ತಾಳ."

ಅವರು ರಬ್ಬರು ಕೆಳಗಿಟ್ಟರು. "ನನಗ ವಾಡೇದಾಗs ಹಂಗ ಆತು," ಎಂದರು. "ನಿನ್ನ ಕಡೆ ಉಳದಿರಬೇಕು ಅಂತ ಕೇಳಾಕತ್ತಿದ್ದೆ."

ಸಾಂಗಲಿಗೆ ಹೋಗದಿದ್ದರೆ, ಮಗಳು ಮಸುಕಾಗಿಯಾದರೂ ಇರುತ್ತಿದ್ದಳೇನೋ. ಒಲೆಗೆ ಹಾಕಿದ್ದು ಒಂದು ಕಾಗದ. ಉಳಿದದ್ದನ್ನು ನಾವಿಬ್ಬರೂ ಕೂಡಿ ರಬ್ಬರಿನಿಂದ ಅಳಿಸಿದೆವು. ಅಂದಿನಿಂದ ಇಂದಿನವರೆಗೆ ನನಗೆ ಆಕೆಯ ಮುಖ ಸಿಕ್ಕಿಲ್ಲ. ಅವರು ಶಾಲೆಯಲ್ಲಿ ಚಿತ್ರ ಕಲಿಸುತ್ತಲೇ ಹೋದರು, ಬಯಲಿಗೆ ಮಾತ್ರ ಮತ್ತೆ ಹೋಗಲಿಲ್ಲ.

ಜತ್ತ ಮುಟ್ಟಿದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಮಗ್ಗುಲ ಮನೆಯ ಅಕ್ಕ ಜೋಳದ ನುಚ್ಚು ಮಾಡಿ ಇಟ್ಟಿದ್ದಳು. "ಹೋದ ಕೆಲಸ ಆತೇನವಾ?" ಎಂದು ಕೇಳಿದಳು. ಆಯಿತು ಎಂದೆ. ನುಚ್ಚಿಗೆ ಮಜ್ಜಿಗೆ ಹಾಕಿ, ಒಂದು ಉಳ್ಳಾಗಡ್ಡಿ ಒಡೆದುಕೊಂಡು ಇಬ್ಬರೂ ಉಂಡೆವು. ಮಗಳು ಹೋದಂದಿನಿಂದ ಕಣ್ಣು ಮುಚ್ಚಿದರೆ ಆಕೆ ಬಂದು ನಿಂತು, ತನ್ನ ಚಿತ್ರ ಎಲ್ಲಿ ಎಂದು ಕೇಳುತ್ತಿದ್ದಳು, ನನಗೆ ನಿದ್ದೆ ಇರಲಿಲ್ಲ. ಅಂದು ಬಂದದ್ದು ಯಾರದೋ ಮನೆಯ ಹುಡುಗಿ. ಆಕೆ ನನ್ನನ್ನು ಏನೂ ಕೇಳಲಿಲ್ಲ. ಅವರು ಇನ್ನೂ ಹಾಸಿಗೆಯ ಮೇಲೆ ಕೂತೇ ಇದ್ದರು. ಮೊದಲು ನಿದ್ದೆ ಹೋದವಳು ನಾನು.